ವಿಕಿರಣ ಚಿಕಿತ್ಸೆಯ ತರುವಾಯ ಏಳುವ ಗುಳ್ಳೆಗಳು

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವುದನ್ನು ನಮ್ಮ ಜನ 'ಕರೆಂಟ್ ಕೊಡಿಸುವುದು' ಎನ್ನುತ್ತಾರೆ. ಆ ದಿನಗಳಲ್ಲಿ ಚರ್ಮ ಕೆಂಪೇರಿ ಉರಿಯುವುದು, ಸುಲಿಯುವುದು ಸಾಮಾನ್ಯ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಅದು ಮಾಯುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಬಹಳ ವಿರಳವಾದ, ಆದರೆ ಮನೆಮಂದಿಯನ್ನು ಹೆಚ್ಚು ಗಾಬರಿಗೊಳಿಸುವ ಸಂಗತಿಯನ್ನು. ಎಲ್ಲವೂ ವಾಸಿಯಾಯಿತೆಂದು ನೆಮ್ಮದಿಯಿಂದಿರುವಾಗ, ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ, ಕಿರಣ ಬಿದ್ದ ಸ್ಥಳದಲ್ಲಿಯೇ ತೀವ್ರ ನವೆ ಹುಟ್ಟಿ ನೀರು ತುಂಬಿದ ಬಿಗಿಯಾದ ಗುಳ್ಳೆಗಳೇಳುತ್ತವೆ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಹಿಳೆಯರಲ್ಲಿ ಇದನ್ನು ಹೆಚ್ಚಾಗಿ ಕಂಡಿದ್ದಾರೆ.

ಇದರ ಹೆಸರು ಬುಲ್ಲಸ್ ಪೆಂಫಿಗಾಯ್ಡ್. ಪೆಂಫಿಗಸ್ ಎಂಬ ಮತ್ತೊಂದು ಗುಳ್ಳೆರೋಗದಿಂದ ಇದು ಬೇರೆಯೆಂದು 1953ರಲ್ಲಿ ತೋರಿಸಿಕೊಟ್ಟವರು ವಾಲ್ಟರ್ ಲೀವರ್ ಎಂಬ ಚರ್ಮವೈದ್ಯರು. ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಬಂಧಿಸಿರುವ ಬಿಪಿ 180, ಬಿಪಿ 230 ಎಂಬ ಪ್ರೋಟೀನುಗಳುಂಟು. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಇವನ್ನು ಪರಕೀಯವೆಂದು ಬಗೆದು ಎರಗಿದಾಗ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬುತ್ತದೆ. ವಿಕಿರಣದಿಂದ ಆ ಬಂಧಕ್ಕೆ ಪೆಟ್ಟಾಗಿ, ಮರೆಯಲ್ಲಿದ್ದ ಪ್ರೋಟೀನು ಬಯಲಾಗುವುದೇ ಇದಕ್ಕೆ ಮೂಲವಿರಬಹುದೆಂದು ತಜ್ಞರು ಊಹಿಸುತ್ತಾರೆ. ಪೆಂಫಿಗಸ್ಸೂ ವಿಕಿರಣದ ತರುವಾಯ ಕಾಣಿಸಿಕೊಂಡದ್ದುಂಟು. ಅದರ ಗುಳ್ಳೆ ಸಡಿಲ, ಬೇಗನೆ ಒಡೆಯುತ್ತದೆ, ಬಾಯಲ್ಲಿಯೂ ಹುಣ್ಣಾಗುತ್ತದೆ.

ಗುಳ್ಳೆ ಕಂಡೊಡನೆ ಸರ್ಪಸುತ್ತೆಂದು ಕೆಮ್ಮಣ್ಣು ಬಳಿಯುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಸರ್ಪಸುತ್ತು ಬರುವುದೂ ಉಂಟಾದ್ದರಿಂದ ತಪ್ಪು ಗ್ರಹಿಕೆ ಸಹಜವೇ. ಆದರೆ ಅದು ವೈರಸ್ಸಿನಿಂದ ಬರುವಂಥದು, ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಎದ್ದು ಉರಿ ನೋವು ಕೊಡುತ್ತದೆ. ಇನ್ನು ಕೆಲವರು ಹಳೆಯ ರೋಗವೇ ಮರಳಿತೆಂದು ಎದೆಗುಂದುತ್ತಾರೆ. ಕೆಲವರು ತಟ್ಟೆ, ಹಾಸಿಗೆಗಳನ್ನು ಬೇರೆ ಮಾಡಿ ಮೊಮ್ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡುವುದಿಲ್ಲ. ಪೆಂಫಿಗಾಯ್ಡ್ ಅಂಟುವ ರೋಗವಲ್ಲ. ಮೊದಲೇ ಒಂದು ದೊಡ್ಡ ಬೇನೆಯನ್ನು ದಾಟಿ ಬಂದ ಜೀವಕ್ಕೆ ಈ ದೂರವಿಡುವಿಕೆ ಗುಳ್ಳೆಗಿಂತಲೂ ಕ್ರೂರವೆಂದು ನಮ್ಮ ಅನಿಸಿಕೆ.

ಕಣ್ಣಿಗೆ ಕಂಡದ್ದರಿಂದಲೇ ಇದನ್ನು ನಿರ್ಧರಿಸಲಾಗದು. ಗುಳ್ಳೆಯ ಬಳಿಯ ಚರ್ಮದ ಚೂರು ತೆಗೆದು, ಹೊಳೆಯುವ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪ್ರತಿಕಾಯಗಳನ್ನು ನೋಡಬೇಕು. ಈ ಪರೀಕ್ಷೆಯ ಯೋಚನೆ ವೈದ್ಯರಿಗೆ ಬೇಗ ಬರಬೇಕಾದರೆ, ಎಷ್ಟು ಹಳೆಯದಾದರೂ ವಿಕಿರಣದ ಸಂಗತಿಯನ್ನು ಮುಂದಾಗಿ ತಿಳಿಸಿ, ಆಸ್ಪತ್ರೆಯ ಕಾಗದಪತ್ರಗಳನ್ನು ತೋರಿಸಬೇಕು. ರೋಗ ಸ್ವಲ್ಪವಿದ್ದರೆ ಕ್ಲೋಬೆಟಸಾಲ್‌ನಂಥ ಪ್ರಬಲ ಸ್ಟೆರಾಯ್ಡ್ ಮುಲಾಮು ಸಾಕಾಗಬಹುದು. ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಅಥವಾ ಪ್ರೆಡ್ನಿಸೊಲೋನ್ ಮಾತ್ರೆಗಳು ಬೇಕಾಗುತ್ತವೆ. ಪ್ರೆಡ್ನಿಸೊಲೋನನ್ನು ಗುಣ ಕಂಡಿತೆಂದು ತಾವಾಗಿಯೇ ಒಮ್ಮೆಲೇ ನಿಲ್ಲಿಸಕೂಡದು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.