‘ಧನ್ಯವಾದಗಳು’ ಅನ್ನೋ ಸುಳ್ಳು

ನಮ್ಮ ಚಿಕ್ಕಮ್ಮನ ಮಗಳು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದಳು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪುಟಕ್ಕೊಂದು ಫೋಟೊ, ಒಟ್ಟು 23 ಫೈಲು. ಎಲ್ಲ ಒಟ್ಟಿಗೆ ಕಳಿಸಿದಳು. ‘ದಾಖಲೆಗಳು ತಲುಪಿವೆ, ಧನ್ಯವಾದಗಳು’ ಅಂತ ಬಂತು. ತಿಂಗಳಾದ ಮೇಲೆ ಅರ್ಜಿ ತಿರಸ್ಕೃತ: ದಾಖಲೆ ಅಪೂರ್ಣ. ಫೋನ್ ಮಾಡಿದರೆ, ‘ನಮಗೆ ಬಂದಿರೋದು 20 ಅಷ್ಟೇ, ನೀನೇ ಸರಿಯಾಗಿ ಹಾಕಿಲ್ಲಮ್ಮ.’

20 ಅಂದ ಕೂಡಲೇ ನನಗೆ ಹೊಳೆಯಿತು. ನಾನೂ ಇದೇ ಕೋಡ್ ಬರೆದು ಅನ್ನ ತಿನ್ನೋನು. ಪಿಎಚ್‌ಪಿಯಲ್ಲಿ ಒಂದು ಸಲಕ್ಕೆ ತಗೊಳ್ಳೋ ಫೈಲುಗಳ ಮಿತಿ, ನಾವು ಬದಲಿಸದಿದ್ದರೆ, 20. ಮಿಕ್ಕಿದ್ದನ್ನು ಅದು ಕೈಬಿಡುತ್ತೆ. ನಮ್ಮ ಕೋಡಿಗೆ ಸಿಗೋದು 20ರ ಪಟ್ಟಿ ಮಾತ್ರ. ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ ಅನ್ನೋ ಮಿತಿಗಳೂ ಇವೆ. ಗಾತ್ರದ ಮಿತಿ ಏರಿಸಿದವರು ಎಣಿಕೆಯದನ್ನು ಮರೆತಿರಬೇಕು.

ಮಿತಿ ಬೇಡ ಅಂತಲ್ಲ. ರಾಶಿ ಫೈಲು ಸುರಿದು ಸರ್ವರನ್ನು ಮಲಗಿಸದಿರಲಿ ಅಂತಲೇ 2009ರಲ್ಲಿ ಆ 20ರ ಬೇಲಿ ಹಾಕಿದ್ದು. ನನ್ನ ತಕರಾರು ನಮ್ಮ ಮೌನದ ಬಗ್ಗೆ. ತಲುಪಿದ ಒಂದೊಂದು ಫೈಲಿನ ಜತೆಗೂ ಒಂದು ಎರರ್ ಸಂಖ್ಯೆ ಬರುತ್ತೆ: 0 ಅಂದರೆ ಸರಿ, 1 ಅಂದರೆ ಗಾತ್ರ ಮೀರಿದೆ, 3 ಅಂದರೆ ಅರ್ಧ ಮಾತ್ರ ಬಂದಿದೆ. ನಾವೇನು ಮಾಡ್ತೀವಿ? 0 ಇದ್ದರೆ ಉಳಿಸು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗು ಅಂತ ಒಂದು ಲೂಪ್ ಬರೆದು, ಕೊನೆಗೆ ಎಲ್ಲರಿಗೂ ಒಂದೇ ಧನ್ಯವಾದ ಹೇಳ್ತೀವಿ.

‘ಟೆಸ್ಟಿಂಗ್‌ನಲ್ಲಿ ಸರಿಯಾಗಿತ್ತು’ ಅಂತೀರಾ? ಎರಡೇ ಎರಡು ಫೈಲು ಹಾಕಿ ನೋಡಿದರೆ ಸರಿಯಾಗಿಯೇ ಇರುತ್ತೆ ಸ್ವಾಮಿ. ‘ಡೆಡ್‌ಲೈನ್ ಇತ್ತು’ ಅಂತೀರಾ? ಅವಳಿಗೂ ಇತ್ತು.

ಕೆಲಸವೇನು ದೊಡ್ಡದಲ್ಲ. ಎಷ್ಟು ಫೈಲು ಆಯ್ದಿದ್ದಾರೆ ಅಂತ ಬ್ರೌಸರಿನಲ್ಲೇ ಎಣಿಸಿ. ಮಿತಿ ಮೀರಿದ್ದರೆ ಅಲ್ಲೇ ಹೇಳಿ. ಆ ಎಣಿಕೆಯನ್ನೂ ಫಾರ್ಮಿನ ಜತೆ ಕಳಿಸಿ, ಬಂದದ್ದರ ಜತೆ ಸರ್ವರಿನಲ್ಲಿ ತಾಳೆ ನೋಡಿ. ಯಾವುದು ಬಂತು, ಯಾವುದು ಬರಲಿಲ್ಲ, ಯಾಕೆ ಅಂತ ಹೆಸರು ಹೇಳಿ ತೋರಿಸಿ. ಅರ್ಧ ದಿನದ ಕೆಲಸ.

ನಮ್ಮ ಬೀದಿಯ ಇಸ್ತ್ರಿಯವರು ಬಟ್ಟೆ ಎಣಿಸದೆ ಗಂಟು ಮುಟ್ಟೋದಿಲ್ಲ. ಒಂದು ಕಮ್ಮಿ ಇದ್ದರೆ ಆಗಲೇ ಕೂಗಿ ಹೇಳ್ತಾರೆ. ಒಂದು ಹುಡುಗಿಯ ಓದು ನಮ್ಮ ಕೈಗೆ ಬಂದಾಗ ನಾವು ಅಷ್ಟಾದರೂ ಮಾಡಬೇಡವೇ?