ಮೋರಿಯ ಅಳತೆಗೂ ಮುನ್ನ ಮಳೆಯ ಅಳತೆ

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ ಪರೀಕ್ಷೆಯಲ್ಲಿ ಎದುರಿಸುವ ಜಲವಿಜ್ಞಾನದ ಲೆಕ್ಕಕ್ಕೆ ಒಂದು ಸಿದ್ಧ ರೂಪವಿದೆ. ಜಲಾನಯನ ಪ್ರದೇಶ 100 ಹೆಕ್ಟೇರ್, ಮಳೆಯ ತೀವ್ರತೆ ಗಂಟೆಗೆ 60 ಮಿ.ಮೀ., ಹರಿವಿನ ಗುಣಾಂಕ 0.3, ಗರಿಷ್ಠ ಹರಿವನ್ನು ಕಂಡುಹಿಡಿಯಿರಿ. ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ 5 ಘನ ಮೀಟರ್ ಎಂಬ ಉತ್ತರ ಬರುತ್ತದೆ, ಅಂಕವೂ ಬರುತ್ತದೆ. ಅದೇ ನೂರು ಹೆಕ್ಟೇರ್ ಹೊಲದಲ್ಲಿ ಬಡಾವಣೆ ಎದ್ದು, ಕಾಂಕ್ರೀಟು, ಡಾಂಬರು ಹಾಸಿ ಗುಣಾಂಕ 0.9 ಆಯಿತು ಎಂದುಕೊಳ್ಳಿ. ಉತ್ತರ 15. ಮಳೆ ಅಷ್ಟೇ, ಜಾಗವೂ ಅಷ್ಟೇ. ಮೋರಿಗೆ ಬಂದು ಬೀಳುವ ನೀರು ಮಾತ್ರ ಮೂರು ಪಟ್ಟು. ನೆಲವೆಲ್ಲ ಮುಚ್ಚಿದ ಮೇಲೆ ನೀರು ಮೋರಿ ತಲುಪುವ ಸಮಯ ಕಡಿಮೆಯಾಗಿ, ಲೆಕ್ಕಕ್ಕೆ ಹಿಡಿಯಬೇಕಾದ ಮಳೆಯ ತೀವ್ರತೆಯೂ ಏರುವುದರಿಂದ ನಿಜವಾದ ಹರಿವು ಇದಕ್ಕಿಂತಲೂ ಹೆಚ್ಚು. ಮೋರಿ ಸಾಲುತ್ತದೋ ಇಲ್ಲವೋ ಎಂಬುದು 0.3 ಬರೆಯಬೇಕೋ 0.9 ಬರೆಯಬೇಕೋ ಎಂಬ ತೀರ್ಮಾನದಲ್ಲೇ ಇತ್ಯರ್ಥವಾಗಿಬಿಡುತ್ತದೆ. ಆ ತೀರ್ಮಾನವನ್ನು ಪ್ರಶ್ನೆಪತ್ರಿಕೆ ವಿದ್ಯಾರ್ಥಿಯ ಪರವಾಗಿ ತಾನೇ ಮಾಡಿ ಕೊಟ್ಟಿರುತ್ತದೆ. ಸಂಖ್ಯೆಯನ್ನು ಬಳಸುವುದನ್ನು ನಮ್ಮ ಕಾಲೇಜುಗಳು ಕಲಿಸುತ್ತಿವೆ, ಅದನ್ನು ನೆಲದಿಂದ ಹುಡುಕಿ ತೆಗೆಯುವುದನ್ನು ಕಲಿಸುತ್ತಿಲ್ಲ. ಸೇತುವೆ, ಅಡಿಮೋರಿ, ಕೋಡಿ, ರಾಜಕಾಲುವೆಗಳ ವಿನ್ಯಾಸದ ದೊಡ್ಡ ತಪ್ಪುಗಳಿಗೆ ಇಲ್ಲೇ ಬೇರು ಇದೆ ಎಂಬುದು ನನ್ನ ವಾದ.

ಕಾಂಕ್ರೀಟಿನ ವಿನ್ಯಾಸಕ್ಕೂ ನೀರಿನ ವಿನ್ಯಾಸಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾಂಕ್ರೀಟಿನ ಬಲ ಎಷ್ಟೆಂದು ಪ್ರಯೋಗಾಲಯದಲ್ಲಿ ಕ್ಯೂಬ್ ಒಡೆದು ನೋಡಬಹುದು. ಒಂದೇ ಮಿಶ್ರಣ, ಒಂದೇ ಆರೈಕೆ ಇದ್ದರೆ ಬಳ್ಳಾರಿಯಲ್ಲೂ ಭಟ್ಕಳದಲ್ಲೂ ಫಲ ಹೆಚ್ಚುಕಮ್ಮಿ ಒಂದೇ. ನೀರಿನ ಮಾತು ಹಾಗಲ್ಲ. ನೂರು ಚದರ ಕಿಲೋಮೀಟರ್ ಜಲಾನಯನದ ಹಳ್ಳವೊಂದರಲ್ಲಿ ಎಷ್ಟು ಪ್ರವಾಹ ಬರಬಹುದೆಂದು ಪಠ್ಯಪುಸ್ತಕದ ಸೂತ್ರಗಳನ್ನೇ ಕೇಳೋಣ. ಮದ್ರಾಸ್ ಪ್ರಾಂತ್ಯದ ಅನುಭವದಿಂದ ರೂಪುಗೊಂಡ ರೈವ್ಸ್ ಸೂತ್ರಕ್ಕೆ ಪೂರ್ವ ಕರಾವಳಿಯ ಗುಣಾಂಕ 6.8 ಹಾಕಿದರೆ ಸೆಕೆಂಡಿಗೆ ಸುಮಾರು 147 ಘನ ಮೀಟರ್. ಬೆಟ್ಟದ ಬುಡಕ್ಕೆ ಹೇಳಿರುವ 10.2 ಹಾಕಿದರೆ ಸುಮಾರು 220. ಪಶ್ಚಿಮ ಘಟ್ಟದ ಹೊಳೆಗಳಿಗಾಗಿ ಬಂದ ಇಂಗ್ಲಿಸ್ ಸೂತ್ರ 1,180 ಎನ್ನುತ್ತದೆ. ಕಡಿಮೆಗೂ ಹೆಚ್ಚಿಗೂ ಎಂಟು ಪಟ್ಟು ಅಂತರ! ಇವುಗಳಲ್ಲಿ ಯಾವ ಸೂತ್ರವೂ ಸುಳ್ಳಲ್ಲ, ಪ್ರತಿಯೊಂದೂ ತಾನು ಹುಟ್ಟಿದ ಊರಿನ ಮಳೆ, ಇಳಿಜಾರು, ಮಣ್ಣನ್ನು ಹೊತ್ತುಕೊಂಡು ಬಂದಿದೆ. ಕರ್ನಾಟಕದಲ್ಲಂತೂ ಈ ಎಲ್ಲ ಊರುಗಳೂ ಒಟ್ಟಿಗಿವೆ. ಆಗುಂಬೆಯಲ್ಲಿ ವರ್ಷದ ಮಳೆ ಏಳು ಸಾವಿರ ಮಿ.ಮೀ. ದಾಟುತ್ತದೆ, ಚಳ್ಳಕೆರೆಯ ಕಡೆ ಐನೂರರ ಆಸುಪಾಸು. ಎರಡರ ನಡುವೆ ಒಂದು ಹಗಲಿನ ದಾರಿ. ನೀರು ಮೋರಿ ತಲುಪುವ ಸಮಯಕ್ಕೆ ನಮ್ಮ ವಿದ್ಯಾರ್ಥಿಗಳು ಕಣ್ಣುಮುಚ್ಚಿ ಬಳಸುವ ಕಿರ್ಪಿಚ್ ಸೂತ್ರ 1940ರಲ್ಲಿ ಅಮೆರಿಕದ ಟೆನೆಸ್ಸಿಯ ಕೆಲವೇ ಸಣ್ಣ ಕೃಷಿ ಜಲಾನಯನಗಳ ಮಾಹಿತಿಯಿಂದ ಹುಟ್ಟಿದ್ದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗೆ ಅದು ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದೇ ಇಲ್ಲ.

ಕೆರೆಯ ಕೋಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಕೊರತೆ ಎಷ್ಟು ದುಬಾರಿ ಎಂಬುದು ತಿಳಿಯುತ್ತದೆ. ಅಗಲ ತಲೆಯ ಕೋಡಿಯ ಮೇಲೆ ಹರಿದುಹೋಗುವ ನೀರಿನ ಲೆಕ್ಕ ಸರಳ: ಕೋಡಿಯ ಉದ್ದವನ್ನು, ಅದರ ಮೇಲೆ ನಿಂತ ನೀರಿನ ಎತ್ತರದ ಒಂದೂವರೆ ಘಾತವನ್ನು, ಸುಮಾರು 1.7 ಎಂಬ ಗುಣಾಂಕವನ್ನು ಗುಣಿಸಬೇಕು. 30 ಮೀಟರ್ ಉದ್ದದ ಕೋಡಿಯ ಮೇಲೆ ಒಂದು ಮೀಟರ್ ನೀರು ನಿಂತರೆ ಸೆಕೆಂಡಿಗೆ 51 ಘನ ಮೀಟರ್ ಹೊರಹೋಗುತ್ತದೆ. ಮಳೆ ಕಡಿಮೆಯಾದ ವರ್ಷ, ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳುಚೀಲ ಪೇರಿಸುವುದು, ಆಮೇಲೆ ಅದನ್ನೇ ಸಿಮೆಂಟ್ ಹಾಕಿ ಕಾಯಂ ಮಾಡುವುದು ಹಳ್ಳಿಗಳಲ್ಲಿ ಅಪರೂಪವೇನಲ್ಲ. ರೈತರ ಆಸೆ ಸಹಜವಾದದ್ದೇ. ಕೋಡಿ ಅರ್ಧ ಮೀಟರ್ ಎದ್ದಿತು, ಏರಿ ಮಾತ್ರ ಇದ್ದಷ್ಟೇ ಇದೆ. ಆದ್ದರಿಂದ ಕೋಡಿಯ ಮೇಲೆ ಈಗ ಅಪಾಯವಿಲ್ಲದೆ ನಿಲ್ಲಬಹುದಾದ ನೀರು ಅರ್ಧ ಮೀಟರ್ ಅಷ್ಟೆ. ಹರಿದುಹೋಗುವ ನೀರು ಅರ್ಧಕ್ಕಿಳಿಯಿತು ಎಂದುಕೊಂಡರೆ ತಪ್ಪು. ಒಂದೂವರೆ ಘಾತದ ಲೆಕ್ಕದಲ್ಲಿ ಅದು 18ಕ್ಕೆ, ಅಂದರೆ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಉಳಿದ ನೀರು ಮಣ್ಣಿನ ಏರಿಯನ್ನು ಹತ್ತುತ್ತದೆ. ಕೋಡಿಗೆ ಮೀನುಬಲೆ ಕಟ್ಟಿದರೂ, ಗಿಡಗಂಟಿ ಬೆಳೆದರೂ ಫಲ ಇದೇ ದಿಕ್ಕಿನದು. ಸೂತ್ರವನ್ನು ಬಾಯಿಪಾಠ ಮಾಡಿದ ಎಂಜಿನಿಯರ್ ಈ ಕೋಡಿಯ ಮುಂದೆ ನಿಂತಾಗ ಅದನ್ನು ಗುರುತಿಸಬಲ್ಲನೇ? ಕಲಿಕೆಯ ಪರೀಕ್ಷೆ ಅಲ್ಲಿದೆ.

ಸಂಭವನೀಯತೆಯ ಪಾಠದ ಸ್ಥಿತಿ ಇನ್ನೂ ಕಷ್ಟದ್ದು. ‘25 ವರ್ಷಕ್ಕೊಮ್ಮೆ ಬರುವ ಮಳೆ’ ಎಂದರೆ ಒಮ್ಮೆ ಬಂದ ಮೇಲೆ 25 ವರ್ಷ ನಿಶ್ಚಿಂತೆ ಎಂದು ಜನಪ್ರತಿನಿಧಿಗಳು ಮಾತ್ರವಲ್ಲ, ಪದವಿ ಪಡೆದವರೂ ನಂಬಿದ್ದಾರೆ. ಯಾವುದೇ ವರ್ಷ ಅಂಥ ಮಳೆ ಬರುವ ಸಾಧ್ಯತೆ ನೂರಕ್ಕೆ ನಾಲ್ಕು ಎಂಬುದಷ್ಟೇ ಅದರ ಅರ್ಥ. ಆ ಮಳೆಗೆ ಕಟ್ಟಿದ ಚರಂಡಿ 25 ವರ್ಷ ಬಾಳಿದರೆ, ಅಷ್ಟರೊಳಗೆ ಒಮ್ಮೆಯಾದರೂ ಅದು ಉಕ್ಕುವ ಸಾಧ್ಯತೆ ನೂರಕ್ಕೆ 64. ನೂರು ವರ್ಷದ ಪ್ರವಾಹಕ್ಕೆ ಕಟ್ಟಿದ ಸೇತುವೆಗೂ ಐವತ್ತು ವರ್ಷದ ಬಾಳಿನಲ್ಲಿ ಅಪಾಯ ನೂರಕ್ಕೆ ಸುಮಾರು 40. ದಾಖಲೆ ಎಷ್ಟು ಉದ್ದವಿದ್ದರೆ ಸಾಕು ಎಂಬ ಪ್ರಶ್ನೆಗೆ ಹಿರಿಯೂರಿನ ವಾಣಿವಿಲಾಸ ಸಾಗರ ಒಳ್ಳೆಯ ಪಾಠ. 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಭದ್ರಾದಿಂದ ಹರಿಸಿದ ನೀರೂ ಆ ಬಾರಿ ಸೇರಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಗಿದ್ದರೂ, ನಡುವಿನ ಯಾವುದೇ ಮೂವತ್ತು ವರ್ಷದ ದಾಖಲೆ ಹಿಡಿದು ಕುಳಿತವನಿಗೆ ಆ ಕೋಡಿ ಅನವಶ್ಯಕವಾಗಿ ಕಂಡಿರುತ್ತಿತ್ತು. ಇದರ ಮೇಲೆ ಹವಾಮಾನ ಬದಲಾವಣೆಯ ತೊಡಕು ಬೇರೆ. ಹಿಂದಿನ ದಾಖಲೆಯ ಸ್ವಭಾವವೇ ಮುಂದೆಯೂ ಮುಂದುವರಿಯುತ್ತದೆ ಎಂಬ ನಂಬಿಕೆ ಇನ್ನು ಸಲ್ಲದು ಎಂದು ಜಲವಿಜ್ಞಾನಿಗಳ ತಂಡವೊಂದು 2008ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯಿತು. ಹಳೆಯ ದಾಖಲೆಯಿಂದ ಪ್ರವಾಹದ ಸಂಭವನೀಯತೆ ಅಂದಾಜಿಸುವ ಗಂಬೆಲ್ ವಿಧಾನದ ಲೆಕ್ಕವನ್ನು ನಾವು ಇಂದಿಗೂ ಆ ನಂಬಿಕೆಯ ಮೇಲೆಯೇ ಬಿಡಿಸುತ್ತಿದ್ದೇವೆ.

ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಮಚ್ಛು-2 ಅಣೆಕಟ್ಟು ಮರೆಯಬಾರದ ಉದಾಹರಣೆ. ಅದರ ಕೋಡಿಯನ್ನು ಸೆಕೆಂಡಿಗೆ ಸುಮಾರು 5,660 ಘನ ಮೀಟರ್ ಪ್ರವಾಹಕ್ಕೆ ವಿನ್ಯಾಸ ಮಾಡಲಾಗಿತ್ತು. 1979ರ ಆಗಸ್ಟ್ 11ರಂದು ಬಂದದ್ದು ಅದರ ಮೂರು ಪಟ್ಟಿನಷ್ಟು. ನೀರು ಮಣ್ಣಿನ ಏರಿಗಳ ಮೇಲೆ ಹತ್ತಿ ಹರಿದು ಅವು ಕೊಚ್ಚಿಹೋದವು. ಕೆಳಗಿದ್ದ ಮೋರ್ಬಿ ಪಟ್ಟಣದಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತರು. ನೀರಿನ ಅಂದಾಜೇ ಕಿರಿದಾಗಿದ್ದಾಗ ಗೇಟು, ಗೋಡೆ ಎಷ್ಟು ಗಟ್ಟಿಯಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಈ ಅಂದಾಜನ್ನು ಕಾಲೇಜುಗಳು ಕಲಿಸುತ್ತಿಲ್ಲ ಎಂಬ ದೂರಿಗೆ ಅಧ್ಯಾಪಕರು ಹೇಳುವ ಉತ್ತರ ಹುರುಳಿಲ್ಲದ್ದಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಸಮಯವೆಲ್ಲಿ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದಲ್ಲಿ ಜಲವಿಜ್ಞಾನ ಮತ್ತು ನೀರಾವರಿ ಎರಡೂ ಆರನೇ ಸೆಮಿಸ್ಟರಿನ ಒಂದೇ ವಿಷಯದಲ್ಲಿ ಸೇರಿದ್ದವು. ಮಳೆ, ಆವಿಯಾಗುವಿಕೆ, ಇಂಗುವಿಕೆ, ಹರಿವು, ಬೆಳೆಗೆ ಬೇಕಾದ ನೀರು, ನಾಲೆ, ಜಲಾಶಯ ಎಲ್ಲವೂ ಐದು ಮಾಡ್ಯೂಲುಗಳಲ್ಲಿ. ಅನ್ವಯಿಕ ಹೈಡ್ರಾಲಿಕ್ಸ್ ನಾಲ್ಕನೇ ಸೆಮಿಸ್ಟರಿನಲ್ಲೇ ಮುಗಿದಿರುತ್ತಿತ್ತು. ಸಾವಿರಾರು ಉತ್ತರಪತ್ರಿಕೆಗಳನ್ನು ಒಂದೇ ಅಳತೆಯಲ್ಲಿ ತಿದ್ದಬೇಕಾದರೆ ಉತ್ತರವೂ ಒಂದೇ ಇರಬೇಕಾಗುತ್ತದೆ ಎಂಬುದೂ ನಿಜ. ಆದರೆ ಈ ಕ್ರಮದ ಪರಿಣಾಮ ನೋಡಿ. ಕಾಲುವೆ ಎಷ್ಟು ನೀರು ಒಯ್ಯಬಲ್ಲದು ಎಂಬುದನ್ನು ಮೊದಲು ಕಲಿತ ವಿದ್ಯಾರ್ಥಿ, ಎಷ್ಟು ನೀರು ಬರುತ್ತದೆ ಎಂಬುದನ್ನು ಒಂದು ವರ್ಷ ತಡವಾಗಿ ಕಲಿಯುತ್ತಿದ್ದ. ಎರಡನ್ನೂ ಒಂದೇ ಮೋರಿಯ ಮೇಲೆ ಕೂಡಿಸುವ ಕೆಲಸ ಬಹುತೇಕ ಆಗುವುದೇ ಇಲ್ಲ. ಮ್ಯಾನಿಂಗ್ ಸೂತ್ರದಲ್ಲಿ ಕಾಂಕ್ರೀಟ್ ಚರಂಡಿಗೆ 0.013 ಎಂಬ ಒರಟುತನದ ಸಂಖ್ಯೆ ಬರೆದು ಅಂಕ ಗಳಿಸಿದವನು, ಹೂಳು, ಪ್ಲಾಸ್ಟಿಕ್, ಒಡೆದ ಚಪ್ಪಡಿಗಳಿಂದ ಅದು 0.026 ಆದರೆ ಚರಂಡಿಯ ಸಾಮರ್ಥ್ಯ ಅರ್ಧವಾಗುತ್ತದೆ ಎಂಬುದನ್ನು ಚರಂಡಿಯ ಪಕ್ಕ ನಿಂತು ಯೋಚಿಸಿರುವುದಿಲ್ಲ. ಹೂಳು ತುಂಬಿ ಚರಂಡಿಯೇ ಕಿರಿದಾಗುವ ನಷ್ಟ ಇದರ ಮೇಲೆ. ಸಮಯ ಕಡಿಮೆ ಎಂಬುದನ್ನು ಒಪ್ಪೋಣ. ಆಗ ನಾಲ್ಕೈದು ಹಳೆಯ ಸೂತ್ರಗಳ ಲೆಕ್ಕ ಬಿಟ್ಟು, ಒಂದನ್ನೇ ಹಿಡಿದು ಅದರ ಮಿತಿಗಳವರೆಗೆ ಹೋಗುವುದು ಮೇಲು.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು: ಬೆಂಗಳೂರು ಮುಳುಗುವುದು ಲೆಕ್ಕ ತಪ್ಪಿ ಅಲ್ಲ, ಒತ್ತುವರಿಯಿಂದ, ರಾಜಕಾಲುವೆಯ ಮೇಲೆ ಕಟ್ಟಡ ಕಟ್ಟಿದವರನ್ನು ಬಿಟ್ಟು ಪಾಠ ಮಾಡುವವರನ್ನೇಕೆ ದೂರುತ್ತೀರಿ ಎಂಬುದು. ಒತ್ತುವರಿಯ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೆರೆಯನ್ನು ಮುಚ್ಚಿದಾಗ ಹೋದದ್ದು ನೀರಿಗೆ ನಿಲ್ಲಲು ಇದ್ದ ಜಾಗ. ಕಾಲುವೆ ಕಿರಿದಾದಾಗ ಹೋದದ್ದು ಹರಿಯಲು ಇದ್ದ ಜಾಗ. ಇವೆರಡನ್ನೂ ಘನ ಮೀಟರಿನಲ್ಲಿ ತೋರಿಸುವ ವಿದ್ಯೆಯೇ ಜಲವಿಜ್ಞಾನ. ನಾವು ಹೆಚ್ಚಾಗಿ ಕಲಿಸುವ, ಆರಂಭದ ಲೆಕ್ಕದಲ್ಲಿ ಬಳಸಿದ ರ‍್ಯಾಷನಲ್ ಸೂತ್ರದಲ್ಲಿ ಕೆರೆಗೆ ಸ್ಥಾನವೇ ಇಲ್ಲ, ನೀರು ತಡೆದು ನಿಲ್ಲುವುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದರ ಕೋಡಿ ಇನ್ನೊಂದಕ್ಕೆ ಇಳಿಯುವ ಕೆರೆ ಸರಣಿಯ ನಾಡಿನಲ್ಲಿ ಅದೊಂದನ್ನೇ ಅರೆದು ಕುಡಿದ ಎಂಜಿನಿಯರಿಗೆ, ಮೇಲಿನ ಕೆರೆ ಹೋದರೆ ಕೆಳಗಿನ ಬಡಾವಣೆಗೆ ಎಷ್ಟು ನೀರು ಹೆಚ್ಚಾಗಿ, ಎಷ್ಟು ಬೇಗ ಬರುತ್ತದೆ ಎಂದು ನ್ಯಾಯಾಲಯದ ಮುಂದಾಗಲಿ, ಪಾಲಿಕೆಯ ಸಭೆಯಲ್ಲಾಗಲಿ ಹೇಳಲು ಬಾಯಿರುವುದಿಲ್ಲ. ಒತ್ತುವರಿಯನ್ನು ತಡೆಯಬೇಕಾದ ವಾದಕ್ಕೇ ಆಧಾರ ತಪ್ಪುತ್ತದೆ.

ಸಾಫ್ಟ್‌ವೇರ್ ಇದೆಯಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಅದಕ್ಕೂ ಗುಣಾಂಕವನ್ನು ಮನುಷ್ಯನೇ ಕೊಡಬೇಕು. ದೊಡ್ಡ ಅಂದಾಜು ಹಿಡಿದರೆ ಖರ್ಚು ಹೆಚ್ಚುತ್ತದೆ ಎಂಬುದು ಸರಿ. ಅದಕ್ಕೇ ಅಂದಾಜು ಎಷ್ಟು ದೊಡ್ಡದಿರಬೇಕು, ಯಾವ ಅಪಾಯವನ್ನು ಎಷ್ಟು ಹಣಕ್ಕೆ ಒಪ್ಪುತ್ತಿದ್ದೇವೆ ಎಂದು ವಿವರಿಸಬಲ್ಲವರು ಬೇಕು.

ಮಾಹಿತಿ ಇಲ್ಲ ಎಂಬ ಹಳೆಯ ನೆಪವೂ ಈಗ ಕರ್ನಾಟಕದಲ್ಲಿ ನಡೆಯುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹರಡಿವೆ, ಹದಿನೈದು ನಿಮಿಷಕ್ಕೊಮ್ಮೆ ಮಳೆ ದಾಖಲಿಸುತ್ತವೆ. ಮೋರಿಯ ವಿನ್ಯಾಸಕ್ಕೆ ಬೇಕಾದದ್ದು ಇಂಥದ್ದೇ ಮಾಹಿತಿ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಬೆಂಗಳೂರಿನಲ್ಲಿ 24 ಗಂಟೆಗಳ ಮಳೆ 131 ಮಿ.ಮೀ. ದಾಟಿತ್ತು. ದಿನವಿಡೀ ಸಮನಾಗಿ ಸುರಿದರೆ ಅದು ಗಂಟೆಗೆ ಐದೂವರೆ ಮಿ.ಮೀ.; ಮೂರೇ ಗಂಟೆಯಲ್ಲಿ ಸುರಿದರೆ ಗಂಟೆಗೆ 44. ದಿನದ ಲೆಕ್ಕವೊಂದರಿಂದ ಮೋರಿಯ ಗತಿ ತಿಳಿಯುವುದಿಲ್ಲ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಹೋದ ಸರ್ ಎಂ. ವಿಶ್ವೇಶ್ವರಯ್ಯ ಮೊದಲು ಮಾಡಿದ್ದು ಸುತ್ತಲಿನ ಮಳೆಯ ದಾಖಲೆ ಕೂಡಿಸುವ, ಜಲಾನಯನದ ನೂರಾರು ಕೆರೆಗಳಲ್ಲಿ ಎಷ್ಟು ಒಡೆದವು ಎಂದು ತಿಳಿಯುವ ಕೆಲಸ. ನಗರದ ಮೇಲ್ಭಾಗದಲ್ಲಿ ಪ್ರವಾಹ ತಡೆಯುವ ಜಲಾಶಯಗಳು ಬೇಕೆಂಬ ಸಲಹೆ ಬಂದದ್ದು ಆ ಬಳಿಕ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ. ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವ ಪ್ರತಿ ಕಾಲೇಜೂ ಆ ಕ್ರಮವನ್ನು ಪಾಠದೊಳಗೆ ತರಬಹುದು.

ಹೊಸ ಪ್ರಯೋಗಾಲಯದ ಖರ್ಚು ಇದಕ್ಕೆ ಬೇಕಿಲ್ಲ. ಪ್ರತಿ ಕಾಲೇಜು ತನ್ನ ಹತ್ತಿರದ ಒಂದು ಕೆರೆಯನ್ನೋ ರಾಜಕಾಲುವೆಯನ್ನೋ ಆರಿಸಿಕೊಳ್ಳಲಿ. ಎರಡನೇ ವರ್ಷದ ಸರ್ವೆ ತರಗತಿ ಅದರ ಜಲಾನಯನದ ಗಡಿ, ಏರಿ, ಕೋಡಿಯ ಮಟ್ಟಗಳನ್ನು ಅಳೆಯಲಿ. ಹೈಡ್ರಾಲಿಕ್ಸ್ ತರಗತಿ ಕೋಡಿಯ ಸಾಮರ್ಥ್ಯ ಕಟ್ಟಲಿ. ಜಲವಿಜ್ಞಾನದ ತರಗತಿ ಹತ್ತಿರದ ಮಳೆಮಾಪಕದ ದಾಖಲೆ ತರಿಸಿ ಬರುವ ನೀರನ್ನು ಅಂದಾಜು ಮಾಡಲಿ. ಸೆಮಿಸ್ಟರ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ಗುಣಾಂಕವಿಲ್ಲದೆ, ನಕ್ಷೆ ಮತ್ತು ಭೂಬಳಕೆಯ ವಿವರ ಮಾತ್ರ ಕೊಟ್ಟು ಬರಲಿ. ಆರಿಸಿದ ಸಂಖ್ಯೆಗೆ ಕೊಟ್ಟ ಕಾರಣಕ್ಕೆ ಅಂಕವಿರಲಿ. ಕೊನೆಯ ವರ್ಷದ ವಿದ್ಯಾರ್ಥಿಗಳು ಆ ಕೆರೆಯ ಕೋಡಿ ಸಾಲುತ್ತದೋ ಇಲ್ಲವೋ ಎಂಬ ವರದಿಯನ್ನು ಗ್ರಾಮ ಪಂಚಾಯಿತಿಗೂ ಸಣ್ಣ ನೀರಾವರಿ ಇಲಾಖೆಗೂ ಒಪ್ಪಿಸಲಿ, ಇಲಾಖೆಯ ಎಂಜಿನಿಯರ್ ಅದನ್ನು ಸ್ಥಳದಲ್ಲೇ ಪರಿಶೀಲಿಸಿ ತಪ್ಪಿದ್ದಲ್ಲಿ ತಿದ್ದಿ ಕೊಡಲಿ. ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ರಾಜ್ಯದಲ್ಲಿ ಯಾವ ಕಾಲೇಜಿಗೂ ಕೆರೆಯ ಕೊರತೆ ಬೀಳದು.