7.15ರ ಕಾಲ್

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಮೈಸೂರಿನ ಜೊತೆ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತೆ. ಫೋನ್ ತಾನಾಗೇ ಹೊಂದಿಕೊಳ್ಳುತ್ತೆ, ಅಮ್ಮನ ನಿದ್ದೆ ಹೊಂದಿಕೊಳ್ಳಲ್ಲ. ಆಫೀಸ್ ಮುಗಿಸಿ, ಮಗಳನ್ನ ಶಿಶುವಿಹಾರದಿಂದ ಕರ್ಕೊಂಡು ಬಂದು ಸಂಜೆ 6ಕ್ಕೆ ಕಾಲ್ ಮಾಡಿದ್ರೆ ಅಲ್ಲಿ ರಾತ್ರಿ 10.30. "ಎದ್ದೇ ಇದ್ದೆ ಕಣೇ" ಅನ್ನೋ ಸುಳ್ಳು ಬೇರೆ.

ಅದಕ್ಕೇ ಈಗ ಬೆಳಿಗ್ಗೆ 7.15ಕ್ಕೆ ಮಾಡ್ತೀವಿ. ಅಲ್ಲಿ 11.45, ಅಮ್ಮ ಸಾರಿಗೆ ಒಗ್ಗರಣೆ ಹಾಕೋ ಹೊತ್ತು. ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ರೆ ಮಗಳು ಅಜ್ಜಿ ಕಥೆ ಕೇಳ್ತಾ ದೋಸೆ ತಿಂತಾಳೆ. ಅಷ್ಟರಲ್ಲಿ ನಾನು ಡಬ್ಬಿ ತುಂಬಿ, ಟೋಪಿ, ಕೈಗವಸು ಹುಡುಕ್ತೀನಿ (ಒಂದು ಕೈಗವಸು ಯಾವಾಗ್ಲೂ ಸಿಗಲ್ಲ). ಎಲ್ಲದಕ್ಕೂ ಜರ್ಮನ್‌ನಲ್ಲಿ "ಯಾ" ಅಂತಿದ್ದವಳು ಈಗ "ಹೂಂ ಅಜ್ಜಿ, ಆಮೇಲೆ?" ಅಂತಾಳೆ.

ನಿನ್ನೆ ಕಥೆ ಮುಗೀತು, ಕಾಲ್ ಕಟ್ ಮಾಡೋಕೆ ಕೈ ಹಾಕಿದೆ. "ತಡಿ, ನೀನು ತಿಂಡಿ ತಿಂದ್ಯಾ?" ಅಂದ್ರು ಅಮ್ಮ.

ತಿಂದಿರಲಿಲ್ಲ. ನಾನು ಅಂತ ಅಮ್ಮನ ಹತ್ರ ಮಾತಾಡಿ ಹತ್ತು ದಿನ ಆಗಿತ್ತು. ಬಸ್ಸಿಗೆ ಇನ್ನು ಆರೇ ನಿಮಿಷ. ಮಗಳ ತಟ್ಟೆಯಲ್ಲಿ ಉಳಿದಿದ್ದ ತಣ್ಣಗಿನ ದೋಸೆ ಕೈಗೆ ತಗೊಂಡು ಫೋನ್ ಮುಂದೆ ಕೂತೆ.